ಬರೆದುಕೊಟ್ಟ ವರದಿಗೆ ಹೊಣೆ ಯಾರು?

ಸ್ವೀಡನ್‌ನಲ್ಲಿ ಕಾಯಿಲೆ ರಜೆಗೆ ದಿನದ ಲೆಕ್ಕ ಬಿಗಿ. ಮೊದಲ 90 ದಿನ, ಮಾಡುತ್ತಿದ್ದ ಕೆಲಸಕ್ಕೇ ಮರಳಲು ಆಗುತ್ತದೆಯೇ ಎಂದು ನೋಡುತ್ತಾರೆ. ಅದು ಕಳೆದ ಮೇಲೆ, ಅದೇ ಮಾಲೀಕರ ಬಳಿ ಬೇರೆ ಕೆಲಸವಾದರೂ ಸಾಧ್ಯವೇ ಎಂದು. 180 ದಿನ ದಾಟಿತೆಂದರೆ, ಕೆಲವು ವಿನಾಯಿತಿಗಳನ್ನು ಬಿಟ್ಟು, ದೇಶದ ಉದ್ಯೋಗ ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವ ಯಾವುದಾದರೂ ಕೆಲಸ ಮಾಡಬಲ್ಲರೇ ಎಂಬ ಪ್ರಶ್ನೆ ಏಳುತ್ತದೆ. ಮಾಡಬಲ್ಲರು ಎಂದು ತೀರ್ಮಾನವಾದರೆ ಸಾಮಾಜಿಕ ವಿಮಾ ಇಲಾಖೆಯಾದ ಫೋರ್ಸೇಕ್ರಿಂಗ್ಸ್‌ಕಾಸ್ಸನ್ ಕೊಡುವ ಭತ್ಯೆ ನಿಂತುಹೋಗಬಹುದು. 2008ರ ಜುಲೈಯಿಂದ ನಡೆದುಬಂದಿರುವ ಈ ವ್ಯವಸ್ಥೆಯಲ್ಲಿ ಒಬ್ಬ ಮನುಷ್ಯನ ಸಂಬಳ, ಮನೆ ಬಾಡಿಗೆ, ಮಕ್ಕಳ ಖರ್ಚು ಎಲ್ಲವೂ ಕೆಲವು ಕಾಗದಗಳ ಮೇಲೆ ನಿಂತಿರುತ್ತವೆ. ಆ ಕಾಗದಗಳಲ್ಲಿ ಒಂದನ್ನು ಬರೆಯುವವರು ಪುನರ್ವಸತಿ ಸಲಹೆಗಾರರು.

ಅಪಘಾತವಾದವರು, ಬೆನ್ನುನೋವಿನಿಂದ ಏಳಲಾಗದವರು, ಕೆಲಸದ ಒತ್ತಡದಲ್ಲಿ ಕುಸಿದುಹೋದವರು ಮತ್ತೆ ದುಡಿಮೆಗೆ ಮರಳಲು ನೆರವಾಗುವುದು ಇವರ ವೃತ್ತಿ. ನೌಕರರೊಬ್ಬರು 60 ದಿನವಾದರೂ ರಜೆಯಲ್ಲಿರುತ್ತಾರೆ ಎಂದು ಕಂಡರೆ, 30 ದಿನದೊಳಗೆ ಅವರ ಮರಳುವಿಕೆಗೆ ಯೋಜನೆ ಬರೆದಿಡುವುದು 2018ರ ಜುಲೈಯಿಂದ ಮಾಲೀಕರ ಕರ್ತವ್ಯ. ಇದಕ್ಕಾಗಿ ಹೊರಗಿನ ಪರಿಣತರನ್ನು ಕರೆಸಿದರೆ ಅರ್ಧ ಖರ್ಚನ್ನು, ಒಬ್ಬ ನೌಕರರಿಗೆ ವರ್ಷಕ್ಕೆ 10,000 ಕ್ರೋನಾವರೆಗೆ, ಸರ್ಕಾರ ಭರಿಸುತ್ತದೆ. ಹಾಗಾಗಿ ಆಸ್ಪತ್ರೆಯ ನೌಕರಿ ಬಿಟ್ಟು ಸ್ವಂತವಾಗಿ ಈ ಕೆಲಸ ಮಾಡುವವರಿಗೂ ಅಲ್ಲಿ ಜಾಗವಿದೆ.

ಸ್ಟಾಕ್‌ಹೋಮ್‌ಗೆ ಉತ್ತರದಲ್ಲಿ ಅಂಟಿಕೊಂಡೇ ಇರುವ ಸೋಲ್ನಾ ಇಂಥ ವೃತ್ತಿಗೆ ಹೇಳಿ ಮಾಡಿಸಿದ ಊರು. ಕರೋಲಿನ್‌ಸ್ಕಾ ವೈದ್ಯಕೀಯ ವಿಶ್ವವಿದ್ಯಾಲಯ ಮತ್ತು ಆಸ್ಪತ್ರೆ ಇಲ್ಲೇ ಇವೆ. ಸ್ವೀಡನ್ನಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯ ಕಚೇರಿ, ಯುರೋಪಿಯನ್ ಒಕ್ಕೂಟದ ರೋಗ ನಿಯಂತ್ರಣ ಕೇಂದ್ರ ಕೂಡ ಇಲ್ಲೇ. ಹುವುಡ್‌ಸ್ಟಾದಲ್ಲೋ ಹಾಗಲುಂಡ್‌ನಲ್ಲೋ ಒಂದು ಕೋಣೆ ಬಾಡಿಗೆಗೆ ಹಿಡಿದು, ಎರಡು ಕುರ್ಚಿ, ಒಂದು ಲ್ಯಾಪ್‌ಟಾಪ್, ಬೀಗವಿರುವ ಒಂದು ಕಪಾಟು ಇಟ್ಟುಕೊಂಡರೆ ಕಚೇರಿ ಸಿದ್ಧ. ಕಷ್ಟವಿರುವುದು ಆ ಕೋಣೆಗೆ ಯಾವ ವಿಮೆ ಬೇಕು ಎಂಬಲ್ಲಿ.

ಸ್ವೀಡನ್ನಿನ ವಿಮಾ ಕಂಪನಿಗಳು ಸಣ್ಣ ಉದ್ಯಮಗಳಿಗೆ ಮಾರುವ ಮೂಲ ಪಾಲಿಸಿಯಲ್ಲಿ ಸಾಮಾನ್ಯವಾಗಿ ನಾಲ್ಕು ಬಗೆಯ ರಕ್ಷಣೆ ಇರುತ್ತದೆ: ಕಚೇರಿಯ ಸಾಮಾನಿಗೆ, ಬೆಂಕಿ ಅಥವಾ ನೀರಿನ ಅನಾಹುತದಿಂದ ಕೆಲಸ ನಿಂತರೆ ತಪ್ಪಿದ ಆದಾಯಕ್ಕೆ, ಇನ್ನೊಬ್ಬರ ಮೈಗೋ ವಸ್ತುವಿಗೋ ಆದ ಹಾನಿಗೆ, ಮತ್ತು ವಕೀಲರ ಖರ್ಚಿಗೆ. ಇಷ್ಟನ್ನು ಓದಿ ನೆಮ್ಮದಿಯಾಗಿ ಸಹಿ ಹಾಕುವವರೇ ಹೆಚ್ಚು. ಆದರೆ ಒಂದು ಸಣ್ಣ ವಿಷಯ ತೆಗೆದುಕೊಳ್ಳಿ. ಸಲಹೆಗಾರರು ತಮ್ಮ ಕಕ್ಷಿದಾರರು ದುಡಿಯುವ ಕಾರ್ಖಾನೆಗೋ ಶಾಲೆಗೋ ಹೋಗಿ, ಕುರ್ಚಿ ಎಷ್ಟು ಎತ್ತರವಿದೆ, ಭಾರ ಎಷ್ಟು ಎತ್ತಬೇಕು, ಸದ್ದು ಎಷ್ಟಿದೆ ಎಂದು ನೋಡಬೇಕಾಗುತ್ತದೆ. ಹಲವು ವಾರ ಓಡಾಡುವವರಿಗೆ ಅಲ್ಲಿಯವರು ಬಾಗಿಲಿನ ಕೀಲಿಯನ್ನೋ ಪ್ರವೇಶದ ಕಾರ್ಡನ್ನೋ ಕೊಟ್ಟಿರುತ್ತಾರೆ. ಅದು ಮೆಟ್ರೋದಲ್ಲಿ ಎಲ್ಲೋ ಬಿದ್ದುಹೋದರೆ ಇಡೀ ಕಟ್ಟಡದ ಬೀಗಗಳನ್ನು ಬದಲಿಸುವ ಬಿಲ್ಲು ಕಳೆದವರ ಹೆಸರಿಗೇ ಬರುತ್ತದೆ. ಇನ್ನೊಬ್ಬರ ಕೀಲಿ ಕಳೆದರೆ ಎಷ್ಟು ಕೊಡುತ್ತೇವೆ ಎಂಬ ಸಾಲು ಪಾಲಿಸಿಯ ಒಳಗೆಲ್ಲೋ ಬೇರೆಯಾಗಿರುತ್ತದೆ, ಅದರ ಮಿತಿಯೂ ಬೇರೆಯೇ. ಅದನ್ನು ಹುಡುಕಿ ಓದಿಕೊಳ್ಳಬೇಕು.

ಕೀಲಿಗಿಂತ ದೊಡ್ಡ ಅಪಾಯ ವರದಿಯದು. ಒಬ್ಬ ಸಲಹೆಗಾರರು ಕಕ್ಷಿದಾರರ ದುಡಿಯುವ ಶಕ್ತಿಯನ್ನು ತಪ್ಪಾಗಿ ಅಳೆದರು ಎಂದಿಟ್ಟುಕೊಳ್ಳಿ. ಅಥವಾ ಕಳುಹಿಸಬೇಕಾದ ಕಾಗದವನ್ನು ತಡವಾಗಿ ಕಳುಹಿಸಿದರು. ಕಕ್ಷಿದಾರರಿಗೆ ಕೆಲವು ತಿಂಗಳ ಭತ್ಯೆ ತಪ್ಪಿತು, ಇಲ್ಲವೇ ಅವರ ಮಾಲೀಕರು ಆ ವರದಿ ನಂಬಿ ಮಾಡಿದ ಖರ್ಚು ವ್ಯರ್ಥವಾಯಿತು. ಇಲ್ಲಿ ಯಾರ ಮೂಳೆಯೂ ಮುರಿದಿಲ್ಲ, ಯಾವ ವಸ್ತುವೂ ಒಡೆದಿಲ್ಲ. ಹೋದದ್ದು ಬರೀ ಹಣ. ಮೂಲ ಪಾಲಿಸಿಯ ಹೊಣೆಗಾರಿಕೆ ಭಾಗ ನೋಡುವುದು ಮೈಗೆ ಮತ್ತು ವಸ್ತುವಿಗೆ ಆದ ಹಾನಿಯನ್ನು. ಬರೀ ಹಣದ ನಷ್ಟ ಸಾಮಾನ್ಯವಾಗಿ ಅದರ ಹೊರಗೆ. ಆ ನಷ್ಟಕ್ಕೆ ಸಲಹಾ ವೃತ್ತಿಯ ಹೊಣೆಗಾರಿಕೆ ವಿಮೆ ಎಂಬ ಇನ್ನೊಂದನ್ನು ಪ್ರತ್ಯೇಕವಾಗಿ ಕೊಳ್ಳಬೇಕು. ನನ್ನ ದೃಷ್ಟಿಯಲ್ಲಿ ಪುನರ್ವಸತಿ ಸಲಹೆಗಾರರಿಗೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಇದು. ಲ್ಯಾಪ್‌ಟಾಪ್ ಕಳುವಾದರೆ ಇನ್ನೊಂದು ಕೊಳ್ಳಬಹುದು. ಏಕಮಾಲೀಕತ್ವದ ಉದ್ಯಮದ ಮೇಲೆ ದಾವೆ ಬಿದ್ದರೆ ಮಾಲೀಕರ ಸ್ವಂತ ಮನೆ, ಉಳಿತಾಯ ಎಲ್ಲವೂ ಅದಕ್ಕೆ ಒಳಪಡುತ್ತವೆ. 25,000 ಕ್ರೋನಾ ಬಂಡವಾಳ ಹಾಕಿ ಷೇರು ಕಂಪನಿ ನೋಂದಾಯಿಸಿದವರಿಗೆ ಈ ಭಯ ಕಡಿಮೆ. ಆದರೆ ಅದರಿಂದ ನಷ್ಟವಾದ ಕಕ್ಷಿದಾರರ ಕೈಗೆ ಹಣ ಬರುವುದಿಲ್ಲ ಎಂಬುದನ್ನೂ ನೆನಪಿಡಬೇಕು. ವಿಮೆ ಇದ್ದರೆ ಮಾತ್ರ ಅವರಿಗೂ ದಾರಿಯಿದೆ.

ಸ್ವೀಡನ್ನಿನಲ್ಲಿ ನನಗೆ ತುಂಬ ಗೌರವ ಹುಟ್ಟಿಸುವ ಸಂಗತಿ ರೋಗಿ ವಿಮೆ. 1975ರಲ್ಲಿ ಸ್ವಯಂಪ್ರೇರಿತವಾಗಿ ಶುರುವಾದ ಈ ಪದ್ಧತಿ 1997ರ ಜನವರಿ 1ರಿಂದ ಕಾನೂನೇ ಆಯಿತು. ಚಿಕಿತ್ಸೆಯಲ್ಲಿ ತೊಂದರೆಯಾದವರು ವೈದ್ಯರ ತಪ್ಪನ್ನು ಸಾಬೀತು ಮಾಡಬೇಕಾಗಿಲ್ಲ, ಕೋರ್ಟಿಗೆ ಅಲೆಯಬೇಕಾಗಿಲ್ಲ. ಆ ಹಾನಿಯನ್ನು ತಪ್ಪಿಸಬಹುದಿತ್ತೇ ಎಂಬುದೇ ಮುಖ್ಯ ಪ್ರಶ್ನೆ. ಪ್ರತಿವರ್ಷ ಸರ್ಕಾರ ಗೊತ್ತುಮಾಡುವ ಮೂಲ ಮೊತ್ತವೊಂದಿದೆ, 2025ರಲ್ಲಿ ಅದು 58,800 ಕ್ರೋನಾ. ಅದರ ಇಪ್ಪತ್ತರಲ್ಲಿ ಒಂದು ಪಾಲು, ಅಂದರೆ 2,940 ಕ್ರೋನಾ, ರೋಗಿಯ ಪರಿಹಾರದಲ್ಲಿ ಕಳೆಯುತ್ತಾರೆ. ಒಬ್ಬ ರೋಗಿಗೆ ಗರಿಷ್ಠ ಪರಿಹಾರ ಆ ಮೂಲ ಮೊತ್ತದ 200 ಪಟ್ಟು, ಒಂದು ಕೋಟಿ ಹದಿನೇಳು ಲಕ್ಷ ಕ್ರೋನಾಗೂ ಹೆಚ್ಚು. ಆರೋಗ್ಯ ಸೇವೆ ಕೊಡುವ ಪ್ರತಿಯೊಬ್ಬರಿಗೂ, ಒಂದೇ ಕೋಣೆಯವರಿಗೂ, ಈ ವಿಮೆ ಕಡ್ಡಾಯ. ಪ್ರಾದೇಶಿಕ ಆಡಳಿತದ ಜೊತೆ ಒಪ್ಪಂದವಿದ್ದವರಿಗೆ ಆಡಳಿತವೇ ಅದನ್ನು ಒದಗಿಸುತ್ತದೆ, ಇಲ್ಲದವರು ಸ್ವಂತವಾಗಿ ಕೊಳ್ಳಬೇಕು. ಯಾರಾದರೂ ಕೊಳ್ಳದೆ ಉಳಿದರೂ ರೋಗಿಗೆ ಪರಿಹಾರ ತಪ್ಪುವುದಿಲ್ಲ. ವಿಮಾ ಕಂಪನಿಗಳ ಸಂಘ ಕೊಡುತ್ತದೆ, ವಿಮೆಯಿಲ್ಲದ ಅವಧಿಗೆ ಆ ವೃತ್ತಿಯವರಿಂದ ಶುಲ್ಕ ಕೇಳುತ್ತದೆ.

ಪುನರ್ವಸತಿ ಸಲಹೆಗಾರರು ಇದರ ಒಳಗೋ ಹೊರಗೋ? ಅವರ ಕೈಯಲ್ಲಿರುವ ಪರವಾನಗಿಯನ್ನೂ ಮಾಡುವ ಕೆಲಸವನ್ನೂ ನೋಡಿ ಹೇಳಬೇಕು. ಆಕ್ಯುಪೇಷನಲ್ ಥೆರಪಿಸ್ಟ್, ಫಿಸಿಯೋಥೆರಪಿಸ್ಟ್, ಮನಶ್ಶಾಸ್ತ್ರಜ್ಞರು ಪರವಾನಗಿಯ ವೃತ್ತಿಯವರು. ಆಸ್ಪತ್ರೆಗಳಲ್ಲಿ ಸಾಮಾಜಿಕ ಸಲಹೆ ನೀಡುವವರೂ 2019ರ ಜುಲೈಯಿಂದ ಆ ಪಟ್ಟಿಗೆ ಸೇರಿದರು. ಇವರು ಚಿಕಿತ್ಸೆ ಕೊಟ್ಟರೆ ರೋಗಿ ವಿಮೆ ಬೇಕೇ ಬೇಕು, ಆರೋಗ್ಯ ಸೇವೆಗಳ ತಪಾಸಣಾ ಸಂಸ್ಥೆಗೆ ಮೊದಲೇ ತಿಳಿಸಿ ನೋಂದಾಯಿಸಿಕೊಳ್ಳಲೂ ಬೇಕು. ಪರವಾನಗಿಯಿಲ್ಲದೆ ಬರೀ ಉದ್ಯೋಗ ಮಾರ್ಗದರ್ಶನ ಮಾಡುವವರು ಆ ಕಾನೂನಿಗೆ ಬರುವುದಿಲ್ಲ. ಅವರ ಕಕ್ಷಿದಾರರಿಗೆ ರೋಗಿ ವಿಮೆಯ ನೆರಳೂ ಇಲ್ಲ. ಇನ್ನು ರೋಗಿ ವಿಮೆ ನೋಡುವುದು ದೇಹಕ್ಕೆ, ಮನಸ್ಸಿಗೆ ಆದ ಹಾನಿಯನ್ನು ಮಾತ್ರ. ವರದಿಯಿಂದಾದ ಹಣದ ನಷ್ಟಕ್ಕೆ ಪರವಾನಗಿ ಇದ್ದವರಿಗೂ ಇನ್ನೊಂದು ವಿಮೆ ಬೇಕು.

ಬೆಂಗಳೂರಿನಲ್ಲೋ ಧಾರವಾಡದಲ್ಲೋ ಎಂ.ಎಸ್‌.ಡಬ್ಲ್ಯು. ಓದಿ, ಗಂಡನ ಅಥವಾ ಹೆಂಡತಿಯ ನೌಕರಿಯ ಕಾರಣಕ್ಕೆ ಸ್ಟಾಕ್‌ಹೋಮ್ ಕಡೆಗೆ ಹೋದವರು ಪರವಾನಗಿಯ ಈ ಗೆರೆಯನ್ನು ಎಚ್ಚರದಿಂದ ನೋಡಬೇಕು. ಇಲ್ಲಿನ ಪದವಿ ಅಲ್ಲಿ ತಾನಾಗಿಯೇ ಪರವಾನಗಿ ಆಗುವುದಿಲ್ಲ. ಅದು ಸಿಗುವ ತನಕ ಮಾಡಬಹುದಾದ ಕೆಲಸ ಬೇರೆ, ಹೇಳಿಕೊಳ್ಳಬಹುದಾದ ಹುದ್ದೆಯ ಹೆಸರು ಬೇರೆ, ಕೊಳ್ಳಬೇಕಾದ ವಿಮೆಯೂ ಬೇರೆ. ಅರ್ಜಿಯಲ್ಲಿ ಮಾಡುವ ಕೆಲಸವನ್ನು ಒಂದು ಬಗೆಯಾಗಿ ಬರೆದು, ಕೋಣೆಯೊಳಗೆ ಇನ್ನೊಂದು ಬಗೆಯ ಕೆಲಸ ಮಾಡಿದರೆ, ಕ್ಲೇಮು ಬಂದ ದಿನ ಕಂಪನಿ ಕೈಚೆಲ್ಲಬಹುದು.

ನಮ್ಮಲ್ಲಿ ಪುನರ್ವಸತಿ ಸಲಹೆಗಾರರಿಗೆ 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆ ಇದೆ. ಕೇಂದ್ರದ ರಿಜಿಸ್ಟರಿನಲ್ಲಿ ಹೆಸರಿಲ್ಲದೆ ವೃತ್ತಿ ನಡೆಸಿದರೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ವಿಮೆಯ ಮಾತು ಅದರಲ್ಲಿಲ್ಲ. 1995ರಲ್ಲಿ ವಿ.ಪಿ. ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವೈದ್ಯ ಸೇವೆಯನ್ನು ಗ್ರಾಹಕ ಕಾನೂನಿನ ವ್ಯಾಪ್ತಿಗೆ ತಂದ ಮೇಲೆ ವೈದ್ಯರು ವೃತ್ತಿಯ ಹೊಣೆಗಾರಿಕೆಗೆ ರಕ್ಷಣೆ ಕೊಡುವ ಪ್ರೊಫೆಷನಲ್ ಇಂಡೆಮ್ನಿಟಿ ಪಾಲಿಸಿಯತ್ತ ತಿರುಗಿದರು. ಜಯನಗರದಲ್ಲೋ ಮಲ್ಲೇಶ್ವರದಲ್ಲೋ ಕೌನ್ಸೆಲಿಂಗ್ ಸೆಂಟರ್ ನಡೆಸುವವರಿಗೂ ಅದು ಅಷ್ಟೇ ಬೇಕು. ಅಂಗವಿಕಲರ, ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರ ದುಡಿಮೆಯ ಬಗ್ಗೆ ಅಭಿಪ್ರಾಯ ಬರೆದುಕೊಡುವ ಕೈಗೆ ರಕ್ಷಣೆಯಿಲ್ಲದಿದ್ದರೆ, ಆ ಕೈ ಹೆದರಿ ಹೆದರಿ ಬರೆಯುತ್ತದೆ. ನೇರವಾಗಿ ಹೇಳಬೇಕಾದದ್ದನ್ನು ಮುಚ್ಚಿ ಬರೆದ ವರದಿಯಿಂದ ಮೊದಲು ಸೋಲುವವರು ಕಕ್ಷಿದಾರರೇ.

ಸೋಲ್ನಾದ ಕೋಣೆಯಲ್ಲಿ ಕಡತಗಳಿಗೆಂದು ಇಟ್ಟ, ಬೀಗವಿರುವ ಆ ಕಪಾಟಿನ ಮಾತಿಗೆ ಬರೋಣ. ಈಗ ಅದು ಕಂಪ್ಯೂಟರಿನೊಳಗೆ ಹೋಗಿದೆ. ಪಕ್ಕದ ಫಿನ್ಲೆಂಡಿನ ವಸ್ತಾಮೊ ಎಂಬ ಮನೋಚಿಕಿತ್ಸಾ ಸಂಸ್ಥೆಯ ಕಡತಗಳು ಕಳುವಾದ ಸುದ್ದಿ 2020ರ ಅಕ್ಟೋಬರಿನಲ್ಲಿ ಹೊರಬಿತ್ತು. ಸುಮಾರು 33,000 ಜನ ತಮ್ಮ ಚಿಕಿತ್ಸಕರ ಮುಂದೆ ಮಾತ್ರ ಹೇಳಿಕೊಂಡಿದ್ದ ಮಾತುಗಳು ಕಳ್ಳನ ಕೈಸೇರಿದ್ದವು. ಸಂಸ್ಥೆಯಿಂದ 40 ಬಿಟ್‌ಕಾಯಿನ್ ಕೇಳಿದವನು, ಅದು ಸಿಗದಾಗ ರೋಗಿಗಳಿಗೇ ಒಬ್ಬೊಬ್ಬರಿಗೆ ಪತ್ರ ಬರೆದು 200 ಯೂರೋ ಕೇಳಿದ. 2021ರ ಫೆಬ್ರುವರಿಯಲ್ಲಿ ಸಂಸ್ಥೆ ದಿವಾಳಿಯಾಯಿತು, ವರ್ಷದ ಕೊನೆಗೆ 6,08,000 ಯೂರೋ ದಂಡವನ್ನೂ ಹಾಕಿದರು. ಇಂಥ ಸೋರಿಕೆ ಸ್ವೀಡನ್‌ನಲ್ಲಿ ಆದರೆ, ಕಕ್ಷಿದಾರರಿಗೆ ತೊಂದರೆಯಾಗುವ ಸಂಭವವಿದ್ದಲ್ಲಿ, 72 ಗಂಟೆಯೊಳಗೆ ದತ್ತಾಂಶ ರಕ್ಷಣಾ ಪ್ರಾಧಿಕಾರಕ್ಕೆ ತಿಳಿಸಬೇಕು. ಒಬ್ಬರೇ ಕೆಲಸ ಮಾಡುವವರಿಗೆ ಆ ಮೂರು ದಿನಗಳಲ್ಲಿ ಕಂಪ್ಯೂಟರ್ ತಜ್ಞರನ್ನು, ವಕೀಲರನ್ನು ಎಲ್ಲಿಂದ ಹುಡುಕುವುದು? ಸೈಬರ್ ವಿಮೆಯಲ್ಲಿ ಹಣಕ್ಕಿಂತ ಹೆಚ್ಚು ಬೆಲೆಬಾಳುವುದು ಅದರ ಜೊತೆಗೆ ಬರುವ ತುರ್ತು ಫೋನ್ ನಂಬರು.

ಇನ್ನು ಸಲಹೆಗಾರರೇ ಕಾಯಿಲೆ ಬಿದ್ದರೆ? ಏಕಮಾಲೀಕತ್ವದ ಉದ್ಯಮಿಗೆ ಮಾಮೂಲು ನಿಯಮದಲ್ಲಿ ಮೊದಲ ಏಳು ದಿನ ಭತ್ಯೆ ಇಲ್ಲ. ಈ ಅವಧಿಯನ್ನು ಒಂದೇ ದಿನಕ್ಕೆ ಇಳಿಸಿಕೊಳ್ಳಬಹುದು, 90 ದಿನದವರೆಗೆ ಏರಿಸಿಕೊಳ್ಳಲೂಬಹುದು, ಅದಕ್ಕೆ ತಕ್ಕಂತೆ ಕಟ್ಟುವ ಸಾಮಾಜಿಕ ಶುಲ್ಕ ಏರಿಳಿಯುತ್ತದೆ. ಇದನ್ನು ಆರೋಗ್ಯವಾಗಿರುವಾಗಲೇ ತೀರ್ಮಾನಿಸಿಕೊಳ್ಳಬೇಕು.

ಸಲಹಾ ಹೊಣೆಗಾರಿಕೆ ವಿಮೆಯ ಒಂದು ನಿಯಮವನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ವರದಿ ಬರೆದ ದಿನ ಪಾಲಿಸಿ ಇತ್ತು ಎಂದರೆ ಸಾಮಾನ್ಯವಾಗಿ ಸಾಲದು, ದೂರು ಬಂದ ದಿನವೂ ಅದು ಜಾರಿಯಲ್ಲಿರಬೇಕು. ಸ್ವೀಡನ್ನಿನಲ್ಲಿ ಹಣದ ಹಕ್ಕು ಕೇಳಲು ಇರುವ ಸಾಮಾನ್ಯ ಕಾಲಮಿತಿ ಹತ್ತು ವರ್ಷ, ರೋಗಿಗಳ ಕಡತ ಇಟ್ಟಿರಬೇಕಾದದ್ದೂ ಕನಿಷ್ಠ ಹತ್ತು ವರ್ಷ. ವೃತ್ತಿ ನಿಲ್ಲಿಸುವವರು ಪ್ರೀಮಿಯಂ ಉಳಿಯಿತೆಂದು ಪಾಲಿಸಿ ಬಿಟ್ಟರೆ, ಹಳೆಯ ವರದಿಗಳೆಲ್ಲ ಒಂದೇ ದಿನಕ್ಕೆ ರಕ್ಷಣೆ ಕಳೆದುಕೊಳ್ಳುತ್ತವೆ. ಮುಚ್ಚಿದ ಮೇಲೂ ಎಷ್ಟು ವರ್ಷ ರಕ್ಷಣೆ ಮುಂದುವರಿಯುತ್ತದೆ, ಅದಕ್ಕೆ ಎಷ್ಟು ಕಟ್ಟಬೇಕು ಎಂಬುದನ್ನು ಬಾಡಿಗೆ ಕೋಣೆ ಬಿಡುವ ಮೊದಲೇ ಕಂಪನಿಗೆ ಕೇಳಿ, ಉತ್ತರವನ್ನು ಬರವಣಿಗೆಯಲ್ಲೇ ಪಡೆದಿಟ್ಟುಕೊಳ್ಳಬೇಕು.