ನೊಣದ ಕವಲು

ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವವರು ಪುಣಜನೂರಿನ ಕಾಡಿನಲ್ಲಿ ಆನೆಯನ್ನೋ ಹುಲಿಯನ್ನೋ ಅರಸುವರು. ಕೊಳೆತ ಹಣ್ಣಿನ ಮೇಲೆ ಮುತ್ತುವ ಸಣ್ಣ ನೊಣವನ್ನು ಯಾರು ನೋಡುತ್ತಾರೆ? ಆದರೆ ಹೊಸ ಪ್ರಭೇದವು ಹೇಗೆ ಹುಟ್ಟುತ್ತದೆಂಬ ಪ್ರಶ್ನೆಯನ್ನು ಮೈಸೂರು ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರಜ್ಞರು ಕೇಳಿದ್ದು ಇಂತಹ ನೊಣಗಳನ್ನೇ.

ಡ್ರೊಸೊಫಿಲ ಕುಲದ ನಸೂಟ ಎಂಬ ನೊಣವು ನಮ್ಮ ದೇಶದಲ್ಲಿಯೂ ಪೂರ್ವ ಆಫ್ರಿಕದಲ್ಲಿಯೂ ಇದೆ. ಅದರ ದಾಯಾದಿಯಾದ ಆಲ್ಬೊಮೈಕನ್ಸ್ ಪೂರ್ವ ಏಷ್ಯದಲ್ಲಿ ಹರಡಿದೆ. ಬರಿಗಣ್ಣಿಗೆ ಎರಡೂ ಒಂದೇ. ಜೀವಕೋಶದೊಳಗಾದರೋ ಮೊದಲನೆಯದಕ್ಕೆ 8 ವರ್ಣತಂತುಗಳು, ಎರಡನೆಯದಕ್ಕೆ 6. ಬಹುಕಾಲ ದೂರದೂರದಲ್ಲಿ ಬಾಳಿದ್ದರಿಂದ ಒಂದರಲ್ಲಾದ ಮಾರ್ಪಾಟು ಇನ್ನೊಂದಕ್ಕೆ ದಾಟಲಿಲ್ಲ. ಆಲ್ಬೊಮೈಕನ್ಸಿನ ಮೂರನೆಯ ವರ್ಣತಂತುವು ಲಿಂಗನಿರ್ಣಯದ ತಂತುಗಳೊಡನೆ ಬೆಸೆದುಕೊಂಡಿತು. ಇಂತಹ ಅಂತರವು ಬೆಳೆಬೆಳೆದು, ಕೂಡಿದರೂ ಫಲವತ್ತಾದ ಸಂತಾನವಾಗದ ಹಂತವನ್ನು ಮುಟ್ಟಿದಾಗ ಪ್ರಭೇದವು ಎರಡಾಯಿತೆನ್ನುವರು.

ಇಲ್ಲಿ ಅಷ್ಟಾಗಿಲ್ಲ. ಎಚ್. ಎ. ರಂಗನಾಥ್ ಮತ್ತು ಅವರ ಸಂಗಡಿಗರು ಮೈಸೂರಿನಲ್ಲಿ ಇವೆರಡನ್ನೂ ಕೂಡಿಸಿದಾಗ ಮರಿಗಳಾದವು. ಆ ಮರಿಗಳಿಗೂ ಮರಿಗಳಾದವು. ಹಲವು ತಲೆಮಾರು ಕಳೆಯಲು, ಮಿಶ್ರಕುಲಗಳಲ್ಲಿ ಮೂಲದ ಎರಡಕ್ಕೂ ಸೇರದ ವರ್ಣತಂತುಗಳ ಜೋಡಣೆ ನೆಲೆಗೊಂಡಿತು. ಅವಕ್ಕೆ ಸೈಟೊರೇಸ್ ಎಂದು ಹೆಸರಿಟ್ಟರು. ಅಗಲಿಕೆಯಿಂದ ಮಾತ್ರವೇ ಅಲ್ಲ, ಅಗಲಿದವು ಮರಳಿ ಬೆರೆತಾಗಲೂ ಹೊಸ ಕವಲೊಡೆಯಬಹುದೆಂದಾಯಿತು. ಆ ಕವಲನ್ನು ಈಗಲೇ ಪ್ರಭೇದವೆನ್ನಲು ನಾವು ಅವಸರಪಡುವುದಿಲ್ಲ.

ಬಿಳಿಗಿರಿರಂಗನ ಬೆಟ್ಟವು 2011ರಲ್ಲಿ ಹುಲಿಗಳ ರಕ್ಷಿತಪ್ರದೇಶವಾಯಿತು. ಹುಲಿಯ ಲೆಕ್ಕವನ್ನು ನಾವು ಜತನದಿಂದ ಇಡುತ್ತೇವೆ. ಕೀಟಗಳ ಪಟ್ಟಿಯನ್ನು ರೂಪವೊಂದನ್ನೇ ನೋಡಿ ಬರೆದರೆ ಒಂದು ಹೆಸರಿನ ಕೆಳಗೆ ಎರಡು ಕುಲಗಳು ಅಡಗಿರಬಹುದು. ಅವುಗಳಲ್ಲೊಂದು ಅಳಿದರೂ ಹೆಸರು ಪಟ್ಟಿಯಲ್ಲಿ ಉಳಿದೇ ಇರುತ್ತದೆ.