ನಿಮಗಿದು ಗೊತ್ತೆ? ಹೊಲಿದು ಕಟ್ಟಿದ ಹಡಗು

ಮೊಳೆ ಹೊಡೆಯದೆ, ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು ಕಟ್ಟಿದ ಹಾಯಿಹಡಗು ‘ಐಎನ್‌ಎಸ್‌ವಿ ಕೌಂಡಿನ್ಯ’. ಹಳೆಯ ನಕ್ಷೆ ಇರಲಿಲ್ಲ. ಅಜಂತಾ ಗುಹೆಯ 5ನೇ ಶತಮಾನದ ಚಿತ್ರವೊಂದೇ ಆಧಾರ. ಬಾಬು ಶಂಕರನ್ ಮುಂದಾಳತ್ವದಲ್ಲಿ ಕೇರಳದ ಕುಶಲಕರ್ಮಿಗಳು ಗೋವಾದಲ್ಲಿ ಕೂತು ಸಾವಿರಾರು ಹೊಲಿಗೆ ಹಾಕಿದರು. ಹೊಲಿದ ಒಡಲು ಅಲೆಯ ಹೊಡೆತಕ್ಕೆ ತುಸು ಬಾಗುತ್ತದೆ, ಸೀಳುವುದಿಲ್ಲ. ಇದು ನೌಕಾಪಡೆಗೆ ಸೇರಿದ್ದು ನಮ್ಮ ಕಾರವಾರದಲ್ಲೇ, 2025ರ ಮೇ 21ರಂದು. ಹಾಯಿಯ ಮೇಲೆ ಸೂರ್ಯನ ಜೊತೆಗೆ ಗಂಡಭೇರುಂಡ: ಹೌದು, ನಮ್ಮ ರಾಜ್ಯ ಲಾಂಛನದ ಅದೇ ಹಕ್ಕಿ! ಹಡಗು ಅದೇ ವರ್ಷದ ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟು, ಗಾಳಿಯನ್ನೇ ನಂಬಿ, 2026ರ ಜನವರಿ 14ಕ್ಕೆ ಮಸ್ಕತ್ ಮುಟ್ಟಿತು.