ಬೆಂಗಳೂರಿನ ಒಂದು ಪ್ರಬಂಧ, ಉಲ್ಲೇಖಗಳ ಲೆಕ್ಕ

ನಮ್ಮ ಸಂಘದ ಸದಸ್ಯರಲ್ಲಿ ರಸಾಯನಶಾಸ್ತ್ರ ಕಲಿತು ಈ ಕಡೆಗೆ ಬಂದವರು ಸಾಕಷ್ಟು ಮಂದಿ. ಐಸೆಲಿನ್ನಿನ ಸುತ್ತಮುತ್ತ ಔಷಧ ಕಂಪೆನಿಗಳಿಗೆ ಬರವಿಲ್ಲ. ಮರ್ಕ್ ಇರುವ ರಾವೇ ಇಲ್ಲಿಂದ ಕೆಲವೇ ಮೈಲಿ. ಹೀಗಾಗಿ ಯುಗಾದಿ ಊಟದ ಪಂಕ್ತಿಯಲ್ಲೂ "ಅವರದು ಎಷ್ಟು ಪೇಪರ್ ಬಂದಿವೆ? ಎಷ್ಟು ಸೈಟೇಷನ್?" ಎಂಬ ಮಾತು ಕಿವಿಗೆ ಬೀಳುತ್ತದೆ. ಡಾಕ್ಟರೇಟ್ ಮುಗಿಸಿ ಕೆಲಸ ಹುಡುಕುವ ನಮ್ಮ ಮಕ್ಕಳಿಗೆ ಇದು ಬರೀ ಹರಟೆಯಲ್ಲ. ಉದ್ಯೋಗ, ಬಡ್ತಿ, ಸಂಶೋಧನೆಯ ಹಣ ಎಲ್ಲವೂ ಈ ಲೆಕ್ಕವನ್ನು ನೋಡಿಯೇ ನಿರ್ಧಾರವಾಗುವುದುಂಟು. ಆ ಲೆಕ್ಕದಲ್ಲಿ ಏನಿದೆ, ಏನಿಲ್ಲ ಎಂಬುದನ್ನು ನಮ್ಮ ಬೆಂಗಳೂರಿನದೇ ಒಂದು ಪ್ರಬಂಧದಿಂದ ತಿಳಿಯೋಣ.

1977ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯಿಂದ ಒಂದು ಪುಟ್ಟ ಪ್ರಬಂಧ ಹೊರಬಂತು. ಬರೆದವರು ಮೂವರು: ಎಸ್. ಚಂದ್ರಶೇಖರ್, ಬಿ. ಕೆ. ಸದಾಶಿವ, ಕೆ. ಎ. ಸುರೇಶ್. ಚಂದ್ರಶೇಖರ್ ಅವರು ಮೊದಲು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದವರು. ಸದಾಶಿವ ಅವರು ಸಾವಯವ ರಸಾಯನಶಾಸ್ತ್ರಜ್ಞರು. ಪ್ರಬಂಧ ಅಚ್ಚಾದದ್ದು ವಿದೇಶದ ದೊಡ್ಡ ಪತ್ರಿಕೆಯಲ್ಲಲ್ಲ. ಬೆಂಗಳೂರಿನಲ್ಲೇ ಪ್ರಕಟವಾಗುವ 'ಪ್ರಮಾಣ'ದಲ್ಲಿ.

ವಿಷಯ ದ್ರವ ಸ್ಫಟಿಕ. ದ್ರವದಂತೆ ಹರಿಯುತ್ತ, ಸ್ಫಟಿಕದಂತೆ ತಕ್ಕಮಟ್ಟಿಗೆ ಶಿಸ್ತಾಗಿ ನಿಲ್ಲುವ ಈ ವಸ್ತುಸ್ಥಿತಿಯನ್ನು 1888ರಲ್ಲಿ ರೈನಿಟ್ಜರ್ ಎಂಬ ಸಸ್ಯಶಾಸ್ತ್ರಜ್ಞ ಮೊದಲು ಗಮನಿಸಿದ. ಅಲ್ಲಿಂದ ಮುಂದೆ ಸಿಕ್ಕಿದ್ದೆಲ್ಲ ಹೆಚ್ಚಾಗಿ ಕಡ್ಡಿಯಾಕಾರದ ಅಣುಗಳವು. ಬೆಂಗಳೂರಿನವರು ತೋರಿಸಿದ್ದು ಬಿಲ್ಲೆಯಾಕಾರದ ಅಣುಗಳನ್ನು. ಬೆಂಜೀನ್ ಉಂಗುರದ ಆರು ಮೂಲೆಗೂ ಒಂದೊಂದು ಉದ್ದ ಬಾಲ ಕಟ್ಟಿದರೆ ಆಗುವ ಅಣುಗಳು, ನಾಣ್ಯಗಳನ್ನು ಪೇರಿಸಿಟ್ಟಂತೆ ಒಂದರ ಮೇಲೊಂದು ಕಂಬವಾಗಿ ನಿಲ್ಲುತ್ತವೆ! ಹೊಸದೊಂದು ದ್ರವ ಸ್ಫಟಿಕ ಕುಲವೇ ಅದರಿಂದ ತೆರೆದುಕೊಂಡಿತು. ಅಣುವನ್ನು ಕಟ್ಟಿ, ಶುದ್ಧಿಮಾಡಿ ಕೈಗೆ ಕೊಡುವ ಸಾವಯವ ರಸಾಯನಶಾಸ್ತ್ರಜ್ಞರಿಲ್ಲದೆ ಇಂಥ ಕೆಲಸ ಆರಂಭವೇ ಆಗದು.

ಈ ಪ್ರಬಂಧವನ್ನು ಈವರೆಗೆ ಬೇರೆ ಪ್ರಬಂಧಗಳು ಸಾವಿರಕ್ಕೂ ಹೆಚ್ಚು ಬಾರಿ ಉಲ್ಲೇಖಿಸಿವೆ. ಸರಕು ಗಟ್ಟಿಯಾಗಿದ್ದರೆ ಜಗತ್ತು ಹುಡುಕಿಕೊಂಡು ಬರುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇನ್ನು ಎಣಿಸುವವರ ಕಥೆ. ಯೂಜೀನ್ ಗಾರ್‌ಫೀಲ್ಡ್ ಎಂಬವರು 1950ರ ದಶಕದಲ್ಲಿ ನಮ್ಮ ನ್ಯೂಜೆರ್ಸಿಯ ಥರೋಫೇರ್‌ನಲ್ಲಿ, ಕೋಳಿಗೂಡಾಗಿದ್ದ ಕಟ್ಟಡದಲ್ಲಿ ಕೆಲಸ ಆರಂಭಿಸಿದರು. 1964ರ ಹೊತ್ತಿಗೆ ಅವರ 'ಸೈನ್ಸ್ ಸೈಟೇಷನ್ ಇಂಡೆಕ್ಸ್' ಹೊರಬಂತು. ಯಾರ ಕೆಲಸವನ್ನು ಯಾರು ನೆನೆದಿದ್ದಾರೆ ಎಂದು ಹುಡುಕಲು ಅದು ಒಳ್ಳೆಯ ಸಾಧನ. ಆದರೆ ಅಚ್ಚಿನ ಆ ದಪ್ಪ ಸಂಪುಟಗಳಲ್ಲಿ ಉಲ್ಲೇಖಗೊಂಡ ಪ್ರಬಂಧ ಸೇರುತ್ತಿದ್ದುದು ಮೊದಲ ಲೇಖಕರ ಹೆಸರಿನಡಿಯಲ್ಲಿ ಮಾತ್ರ. ಅಂದರೆ 1977ರ ಪ್ರಬಂಧದ ಉಲ್ಲೇಖಗಳೆಲ್ಲ 'ಚಂದ್ರಶೇಖರ್' ಎಂಬಲ್ಲಿ. 'ಸದಾಶಿವ' ಎಂದು ಹುಡುಕಿದವರಿಗೆ ಅವು ಕಾಣವು.

ಗಣಕಯಂತ್ರ ಬಂದ ಮೇಲೆ ಆ ಕೊರತೆ ತೀರಿತು, ಬೇರೊಂದು ಬಂತು. 2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿ 'ಎಚ್-ಇಂಡೆಕ್ಸ್' ಸೂಚಿಸಿದರು. ಒಬ್ಬರ 20 ಪ್ರಬಂಧಗಳಿಗೆ ತಲಾ 20 ಉಲ್ಲೇಖವಾದರೂ ಇದ್ದರೆ ಅವರ ಅಂಕ 20. ಈ ಲೆಕ್ಕದಲ್ಲಿ ಸಾವಿರ ಉಲ್ಲೇಖದ ಪ್ರಬಂಧವೂ ಒಂದೇ, ಇಪ್ಪತ್ತು ಉಲ್ಲೇಖದ್ದೂ ಒಂದೇ!

ಬಳಕೆಯಂತೂ ಯಾವ ಎಣಿಕೆಗೂ ಸಿಗದು. ದ್ರವ ಸ್ಫಟಿಕದ ಪರದೆಯನ್ನು 1968ರಲ್ಲಿ ಲೋಕಕ್ಕೆ ತೋರಿಸಿದ್ದು ಇಲ್ಲೇ ಪ್ರಿನ್ಸ್‌ಟನ್ನಿನ ಆರ್‌ಸಿಎ ಪ್ರಯೋಗಶಾಲೆಯವರು. ಆ ಪರದೆಗಳನ್ನು ಪಕ್ಕದಿಂದ ನೋಡಿದರೆ ಚಿತ್ರ ಮಸುಕಾಗುತ್ತಿತ್ತು. 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಕಂಪೆನಿ ಬಿಲ್ಲೆಯಾಕಾರದ ಅಣುಗಳ ತೆಳುಹಾಳೆ ಅಂಟಿಸಿ ಆ ದೋಷವನ್ನು ಬಹುಮಟ್ಟಿಗೆ ಕಡಿಮೆ ಮಾಡಿತು. ಅಂಥ ಪರದೆಯ ಮುಂದೆ ಕುಳಿತ ಲಕ್ಷಾಂತರ ಜನ ಬೆಂಗಳೂರನ್ನು ಉಲ್ಲೇಖಿಸಲಿಲ್ಲ.

ಆದ್ದರಿಂದ ಹಿರಿಯರಲ್ಲಿ ನಮ್ಮದೊಂದು ವಿನಂತಿ. ಯಾರದೋ ಮಗಳು ಸಂಶೋಧನೆ ಮಾಡುತ್ತಿದ್ದಾಳೆಂದರೆ "ಎಷ್ಟು?" ಎಂದು ಕೇಳುವ ಮೊದಲು "ಯಾವುದರ ಮೇಲೆ?" ಎಂದು ಕೇಳೋಣ. ಕಂಪೆನಿಯಲ್ಲಿ ದುಡಿಯುವವರ ಕೆಲಸ ಎಷ್ಟೋ ಸಲ ಪೇಟೆಂಟಿನಲ್ಲಿ ಉಳಿಯುತ್ತದೆ, ಪ್ರಬಂಧವಾಗುವುದೇ ಇಲ್ಲ. ಕಿರಿಯರಿಗೂ ಒಂದು ಮಾತು: ಅಂಕವನ್ನು ಕಡೆಗಣಿಸಬೇಡಿ, ಅದು ಬಾಗಿಲು ತೆರೆಯುತ್ತದೆ. ಜೊತೆಗೆ, ನಿಮ್ಮ ಪ್ರಬಂಧಕ್ಕೆ ವಸ್ತು ತಯಾರಿಸಿ ಕೊಟ್ಟವರ ಹೆಸರು ಸರಿಯಾದ ಜಾಗದಲ್ಲಿದೆಯೇ ಎಂದು ಕಳುಹಿಸುವ ಮುನ್ನ ಒಮ್ಮೆ ನೋಡಿಕೊಳ್ಳಿ.